ತರಗತಿಯಲ್ಲಿದ್ದ ಹುಡುಗಿಯರು ಗ್ಯಾಲರಿಯಲ್ಲಿ ಏಕೆ ಕಾಣುವುದಿಲ್ಲ?

ಪ್ರಶ್ನೆ: ಚಿತ್ರಕಲೆಯಲ್ಲಿ ಪದವಿ ಮುಗಿಸಿ ಬಹಳ ವರ್ಷಗಳಾದವು. ನಮ್ಮ ತರಗತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹುಡುಗಿಯರೇ ಇದ್ದೆವು. ಈಗ ಏಕವ್ಯಕ್ತಿ ಪ್ರದರ್ಶನ ಮಾಡುವವರು, ಶಿಬಿರಗಳಿಗೆ ಹೋಗುವವರು, ಪ್ರಶಸ್ತಿ ಪಡೆಯುವವರು ಹೆಚ್ಚಾಗಿ ಅಂದಿನ ಹುಡುಗರೇ. ಮಗುವಾದ ಮೇಲೆ ನನ್ನ ಕೆಲಸ ಆರು ವರ್ಷ ನಿಂತುಹೋಗಿತ್ತು, ಈಗ ಮತ್ತೆ ಕೈಗೆತ್ತಿಕೊಂಡಿದ್ದೇನೆ. ಆದರೆ ಕರೆ ಬರುವುದು ಮಾರ್ಚ್ 8ರ ಮಹಿಳಾ ದಿನದ ಸಮೂಹ ಪ್ರದರ್ಶನಕ್ಕೆ ಮಾತ್ರ. 'ಗುಣಮಟ್ಟ ಇದ್ದವರು ಮೇಲೆ ಬಂದೇ ಬರುತ್ತಾರೆ, ಅಮೃತಾ ಶೇರ್‌ಗಿಲ್ ಬರಲಿಲ್ಲವೇ?' ಎನ್ನುವವರಿಗೆ ಏನು ಹೇಳಲಿ? ನಾನೀಗ ಏನು ಮಾಡಬೇಕು? ನಮ್ಮ ಊರಿನ ಕಲಾ ಸಂಘದ ಸಮಿತಿಗೂ ಈ ವರ್ಷ ನನ್ನನ್ನು ಸೇರಿಸಿಕೊಂಡಿದ್ದಾರೆ. ಅಲ್ಲಿ ಏನನ್ನಾದರೂ ಬದಲಿಸಲು ಸಾಧ್ಯವೇ?
— ಉತ್ತರ ಕರ್ನಾಟಕದ ಒಬ್ಬ ಕಲಾವಿದೆ

ಉತ್ತರ: ಶೇರ್‌ಗಿಲ್ ಅವರ ಹೆಸರನ್ನು ಎತ್ತಿದ್ದು ಒಳ್ಳೆಯದೇ ಆಯಿತು, ಏಕೆಂದರೆ ನಿಮ್ಮ ಪ್ರಶ್ನೆಗೆ ಬೇಕಾದ ಉತ್ತರದ ಬಹುಪಾಲು ಅವರ ಕಥೆಯಲ್ಲೇ ಇದೆ. 2023ರ ಸೆಪ್ಟೆಂಬರಿನಲ್ಲಿ ಸ್ಯಾಫ್ರನ್‌ಆರ್ಟ್ ಹರಾಜಿನಲ್ಲಿ ಅವರ 1937ರ 'ದಿ ಸ್ಟೋರಿ ಟೆಲ್ಲರ್' 61.8 ಕೋಟಿ ರೂಪಾಯಿಗೆ ಮಾರಾಟವಾಯಿತು. ಭಾರತೀಯ ಕಲಾಕೃತಿಗೆ ಅಲ್ಲಿಯವರೆಗೆ ಸಿಕ್ಕ ಅತಿ ಹೆಚ್ಚಿನ ಬೆಲೆ ಅದು. ಅವರು ದೊಡ್ಡ ಕಲಾವಿದೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಆ ಬೆಲೆಯನ್ನು ಕಟ್ಟಿದ ಬೇರೆ ಸಂಗತಿಗಳೂ ಇವೆ. ಅವರು 1941ರಲ್ಲಿ, 28ನೇ ವಯಸ್ಸಿನಲ್ಲೇ ತೀರಿಕೊಂಡರು, ಹಾಗಾಗಿ ಉಳಿದ ಕೃತಿಗಳೇ ಕಡಿಮೆ. ಅವುಗಳಲ್ಲಿ ನೂರಕ್ಕೂ ಹೆಚ್ಚು ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯ ಸಂಗ್ರಹದಲ್ಲಿವೆ. 1976ರಲ್ಲಿ ಸರ್ಕಾರ ಅವರ ಕೃತಿಗಳನ್ನು ರಾಷ್ಟ್ರೀಯ ಸಂಪತ್ತು ಎಂದು ಘೋಷಿಸಿದ್ದರಿಂದ ಅವು ದೇಶ ಬಿಟ್ಟು ಹೋಗುವಂತಿಲ್ಲ. ತಂದೆ ಉಮ್ರಾವ್ ಸಿಂಗ್ ಛಾಯಾಗ್ರಾಹಕರು. ಅವರು ತೆಗೆದ ಫೋಟೊಗಳು ಉಳಿದವು, ಮನೆಯವರು ಪತ್ರಗಳನ್ನು ಜೋಪಾನ ಮಾಡಿದರು, ತಂಗಿಯ ಮಗ ವಿವಾನ್ ಸುಂದರಂ ಅವನ್ನೆಲ್ಲ ಸಂಪಾದಿಸಿ ಹೊರತಂದರು. ಪ್ರತಿಭೆಯ ಬೆನ್ನಿಗೆ ಸಾರ್ವಜನಿಕ ಸಂಗ್ರಹ ಮತ್ತು ದಾಖಲೆ ಎರಡೂ ನಿಂತಿದ್ದವು. ಹೆಚ್ಚಿನ ಕಲಾವಿದೆಯರಿಗೆ ತಪ್ಪಿಹೋಗಿರುವುದು ಈ ಎರಡೇ. ಈ ಉತ್ತರದ ಉಳಿದ ಭಾಗವೂ ಇವೆರಡರ ಬಗ್ಗೆಯೇ.

'ಗುಣಮಟ್ಟ' ಎಂಬ ವಾದ ಎಲ್ಲಿಂದ ಹುಟ್ಟಿತು ಎಂಬುದನ್ನು ನೋಡಿದರೆ ಅದರ ಟೊಳ್ಳು ತಿಳಿಯುತ್ತದೆ. ಲಂಡನ್ನಿನ ರಾಯಲ್ ಅಕಾಡೆಮಿ ಶುರುವಾದದ್ದು 1768ರಲ್ಲಿ. ಸ್ಥಾಪಕ ಸದಸ್ಯರಲ್ಲಿ ಏಂಜೆಲಿಕಾ ಕೌಫ್‌ಮನ್ ಮತ್ತು ಮೇರಿ ಮೋಸರ್ ಎಂಬ ಇಬ್ಬರು ಮಹಿಳೆಯರಿದ್ದರು. ಕೆಲವೇ ವರ್ಷಗಳಲ್ಲಿ ಯೋಹಾನ್ ಜೊಫಾನಿ ಅಕಾಡೆಮಿ ಸದಸ್ಯರಲ್ಲಿ ಹೆಚ್ಚಿನವರನ್ನು ಒಟ್ಟಿಗೆ ಚಿತ್ರಿಸಿದ. ಗಂಡಸರು ಬೆತ್ತಲೆ ಮಾದರಿಯ ಸುತ್ತ ನಿಂತಿದ್ದಾರೆ, ಕುಳಿತಿದ್ದಾರೆ. ಈ ಇಬ್ಬರು ಮಾತ್ರ ಗೋಡೆಗೆ ತೂಗುಹಾಕಿದ ಭಾವಚಿತ್ರಗಳಾಗಿ ಕಾಣುತ್ತಾರೆ, ಏಕೆಂದರೆ ಜೀವಂತ ಮಾದರಿಯ ಕೋಣೆಗೆ ಹೆಂಗಸರಿಗೆ ಪ್ರವೇಶವಿರಲಿಲ್ಲ. ಆ ಕಾಲದಲ್ಲಿ ಎಲ್ಲಕ್ಕಿಂತ ಮೇಲಿನದು ಎನಿಸಿಕೊಂಡಿದ್ದು ಇತಿಹಾಸ ಮತ್ತು ಪುರಾಣದ ದೊಡ್ಡ ಚಿತ್ರಗಳು. ಅದಕ್ಕೆ ದೇಹರಚನೆಯ ಅಭ್ಯಾಸ ಬೇಕು, ಅಭ್ಯಾಸಕ್ಕೆ ಆ ಕೋಣೆ ಬೇಕು. ಕೋಣೆ ಮುಚ್ಚಿದ್ದರಿಂದ ಹೆಚ್ಚಿನ ಕಲಾವಿದೆಯರು ಭಾವಚಿತ್ರ, ಹೂವುಗಳತ್ತ ಹೋದರು. ಆ ಬಗೆಯ ಚಿತ್ರಗಳಿಗೆ ಬೆಲೆ ಕಡಿಮೆ. ಕೊನೆಗೆ 'ಹೆಂಗಸರಿಗೆ ದೊಡ್ಡ ಚಿತ್ರ ಬರೆಯಲು ಬಾರದು' ಎಂಬ ತೀರ್ಪೂ ಬಂತು. 1860ರಲ್ಲಿ ಲಾರಾ ಹರ್ಫರ್ಡ್ ತನ್ನ ಹೆಸರಿನ ಮೊದಲಕ್ಷರವನ್ನಷ್ಟೇ ಬರೆದು ರೇಖಾಚಿತ್ರ ಕಳಿಸಿ ಅಕಾಡೆಮಿಯ ಕಲಾಶಾಲೆಗೆ ಆಯ್ಕೆಯಾದರು. ಕೆಲಸ ಅದೇ, ಕಾಣದಿದ್ದದ್ದು ಹೆಸರು ಮಾತ್ರ. ಕೌಫ್‌ಮನ್ ಮತ್ತು ಮೋಸರ್ ನಂತರ ಪೂರ್ಣ ಸದಸ್ಯತ್ವಕ್ಕೆ ಚುನಾಯಿತರಾದ ಮೊದಲ ಮಹಿಳೆ ಲಾರಾ ನೈಟ್, ಅದೂ 1936ರಲ್ಲಿ. ನಡುವೆ 168 ವರ್ಷ.

ನಮ್ಮಲ್ಲಿ ಅಂಥ ನಿಯಮವಿರಲಿಲ್ಲ ಎನ್ನುವವರಿದ್ದಾರೆ. ಹೌದು, ನಮ್ಮಲ್ಲಿ ಆ ಕೆಲಸವನ್ನು ಗುಂಪುಗಳು ಮಾಡಿದವು. ಆಧುನಿಕ ಕಲೆಯ ಚರಿತ್ರೆಯನ್ನು ಗುಂಪುಗಳ ಹೆಸರಿನಿಂದಲೇ ಬರೆಯುತ್ತಾರೆ. 1947ರ ಬಾಂಬೆ ಪ್ರೊಗ್ರೆಸಿವ್ ಗುಂಪಿನ ಸ್ಥಾಪಕರು ಸೂಜಾ, ರಝಾ, ಹುಸೇನ್, ಆರಾ, ಗಾಡೆ, ಬಾಕ್ರೆ: ಆರೂ ಜನ ಗಂಡಸರು. ಕೆಲ ವರ್ಷಗಳ ಬಳಿಕ ಅವರೊಂದಿಗೆ ಪ್ರದರ್ಶಿಸಿದ ಒಬ್ಬಳೇ ಮಹಿಳೆ ಭಾನು ರಾಜೋಪಾಧ್ಯೆ. ಮುಂದೆ ಅವರು ಚಿತ್ರಕಲೆ ಬಿಟ್ಟು ಸಿನಿಮಾ ವಸ್ತ್ರವಿನ್ಯಾಸಕ್ಕೆ ಹೋದರು. 'ಗಾಂಧಿ' ಚಿತ್ರಕ್ಕೆ ಆಸ್ಕರ್ ಪಡೆದ ಭಾನು ಅಥೈಯಾ ಅವರೇ. 1963ರಲ್ಲಿ ಪ್ರದರ್ಶನ ನಡೆಸಿದ 'ಗ್ರೂಪ್ 1890'ರಲ್ಲಿ 12 ಸದಸ್ಯರು, ಒಬ್ಬ ಮಹಿಳೆಯೂ ಇಲ್ಲ. 1981ರ 'ಪ್ಲೇಸ್ ಫಾರ್ ಪೀಪಲ್' ಪ್ರದರ್ಶನದ ಆರು ಜನರಲ್ಲಿ ನಳಿನಿ ಮಲಾನಿ ಒಬ್ಬರೇ ಮಹಿಳೆ. ಯಾರೂ 'ಬರಬೇಡಿ' ಎಂದು ಬೋರ್ಡು ಹಾಕಿರಲಿಲ್ಲ. ಗುಂಪು ಕೂಡುವುದು ಸಂಜೆಯ ನಂತರ, ಹೋಟೆಲಿನಲ್ಲೋ ಯಾರದೋ ಕೋಣೆಯಲ್ಲೋ. ಪ್ರಣಾಳಿಕೆಗೆ ಸಹಿ ಬೀಳುವುದು, ಮುಂದಿನ ಪ್ರದರ್ಶನದ ಪಟ್ಟಿ ತಯಾರಾಗುವುದು ಅಲ್ಲೇ. ಇಂದಿಗೂ ಬಹಳಷ್ಟು ಹಾಗೆಯೇ ನಡೆಯುತ್ತದೆ.

ಬೆಲೆಯ ವಿಷಯದಲ್ಲಿ ಅಳತೆಯೂ ನಡೆದಿದೆ. ಹಲವು ದೇಶಗಳ ಲಕ್ಷಾಂತರ ಹರಾಜು ಮಾರಾಟಗಳನ್ನು ಪರಿಶೀಲಿಸಿ 2021ರಲ್ಲಿ ಪ್ರಕಟವಾದ ಅರ್ಥಶಾಸ್ತ್ರಜ್ಞರ ಅಧ್ಯಯನವೊಂದರ ಪ್ರಕಾರ ಕಲಾವಿದೆಯರ ಚಿತ್ರಗಳ ಸರಾಸರಿ ಬೆಲೆ ಗಂಡಸರ ಚಿತ್ರಗಳಿಗಿಂತ ಶೇಕಡಾ 40ಕ್ಕೂ ಹೆಚ್ಚು ಕಡಿಮೆ. ಚಿತ್ರ ನೋಡಿ ಬರೆದವರು ಗಂಡೋ ಹೆಣ್ಣೋ ಎಂದು ಗುರುತಿಸಲು ಜನರಿಗೆ ಆಗಲಿಲ್ಲ. ಕಂಪ್ಯೂಟರ್ ರಚಿಸಿದ ಚಿತ್ರಗಳಿಗೇ ಗಂಡು ಮತ್ತು ಹೆಣ್ಣು ಹೆಸರುಗಳನ್ನು ಅಂಟಿಸಿ ತೋರಿಸಿದಾಗ, ಗ್ಯಾಲರಿಗೆ ಹೋಗುವ ಅಭ್ಯಾಸವಿರುವ ಶ್ರೀಮಂತ ಗಂಡಸರು ಹೆಣ್ಣು ಹೆಸರಿದ್ದ ಚಿತ್ರಕ್ಕೆ ಕಡಿಮೆ ಅಂಕ ಕೊಟ್ಟರು. ಕಲೆ ಕೊಳ್ಳುವವರೂ ಹೆಚ್ಚಾಗಿ ಅದೇ ವರ್ಗದವರು. 'ಗುಣಮಟ್ಟ' ಎನ್ನುವವರಿಗೆ ಇದನ್ನು ಹೇಳಿ.

ಸಂಗ್ರಹಾಲಯಗಳ ಸಂಖ್ಯೆ ಇನ್ನೂ ಮುಖ್ಯ. 2019ರಲ್ಲಿ ಹೊರಬಂದ ಲೆಕ್ಕವೊಂದು ಅಮೆರಿಕದ 26 ಪ್ರಮುಖ ಸಂಗ್ರಹಾಲಯಗಳ ಹತ್ತು ವರ್ಷಗಳನ್ನು ನೋಡಿತು. ಪ್ರದರ್ಶನಗಳಲ್ಲಿ ಮಹಿಳೆಯರ ಪಾಲು ಶೇಕಡಾ 14, ಸಂಗ್ರಹಕ್ಕೆ ಸೇರಿದ ಕೃತಿಗಳಲ್ಲಿ ಶೇಕಡಾ 11. ಮಹಿಳೆಯರಿಗೆ ಅವಕಾಶ ಹೆಚ್ಚುತ್ತಿದೆ ಎಂದು ಎಲ್ಲರೂ ನಂಬಿದ್ದ ದಶಕವದು. ಈ ಎರಡು ಸಂಖ್ಯೆಗಳ ನಡುವಿನ ವ್ಯತ್ಯಾಸವನ್ನು ಗಮನಿಸಿ: ಗೋಡೆಗೆ ಹಾಕಿದ್ದು ಒಂದೆರಡು ತಿಂಗಳಲ್ಲಿ ಇಳಿಯುತ್ತದೆ, ಕೊಂಡದ್ದು ಮಾತ್ರ ಉಳಿಯುತ್ತದೆ. ಬಾಲ್ಟಿಮೋರ್ ಕಲಾ ಸಂಗ್ರಹಾಲಯ 2020ರಲ್ಲಿ ಕಲಾವಿದೆಯರ ಕೃತಿಗಳನ್ನು ಮಾತ್ರ ಕೊಳ್ಳುವುದಾಗಿ ಘೋಷಿಸಿದ್ದು ಇದನ್ನು ಅರಿತೇ.

ಈಗ ನಿಮ್ಮ ಕೆಲಸಕ್ಕೆ ಬರೋಣ.

ಆರು ವರ್ಷದ ಬಿಡುವಿನ ಬಗ್ಗೆ ಮುಜುಗರ ಬೇಡ, ಅದನ್ನು ಮುಚ್ಚಲು ಸಣ್ಣಪುಟ್ಟ ಕಾರ್ಯಾಗಾರಗಳನ್ನು ಬಯೋಡೇಟಾಕ್ಕೆ ತುರುಕುವುದೂ ಬೇಡ. ಆಯ್ಕೆ ಮಾಡುವವರು ಮೊದಲು ನೋಡುವುದು ಇತ್ತೀಚಿನ ಎರಡು ಮೂರು ವರ್ಷಗಳ ಕೃತಿಗಳನ್ನು. ಒಂದೇ ವಿಚಾರವನ್ನು ಬೆಳೆಸಿಕೊಂಡು ಹೋದ 12ರಿಂದ 15 ಕೃತಿಗಳು ನಿಮ್ಮಲ್ಲಿದ್ದರೆ ಏಕವ್ಯಕ್ತಿ ಪ್ರದರ್ಶನದ ಪ್ರಸ್ತಾವ ಕಳಿಸಬಹುದು. ಹತ್ತು ಬೇರೆ ಬೇರೆ ಶೈಲಿಯ 40 ಚಿತ್ರಗಳಿದ್ದರೂ ಪ್ರಸ್ತಾವ ನಿಲ್ಲುವುದಿಲ್ಲ. ಬಿಡುವಿನ ನಂತರ ಮರಳುವವರು ಸಾಮಾನ್ಯವಾಗಿ ಎಡವುವುದು ಇಲ್ಲೇ: ಕೈ ಪಳಗಿಸಿಕೊಳ್ಳಲು ಬರೆದದ್ದನ್ನೆಲ್ಲ ತೋರಿಸಿಬಿಡುತ್ತಾರೆ.

ಪ್ರತಿ ಕೃತಿಗೂ ಒಂದು ದಾಖಲೆ ಇರಲಿ. ಕ್ರಮಸಂಖ್ಯೆ, ಶೀರ್ಷಿಕೆ, ವರ್ಷ, ಮಾಧ್ಯಮ, ಸೆಂಟಿಮೀಟರಿನಲ್ಲಿ ಎತ್ತರ ಮತ್ತು ಅಗಲ (ಎತ್ತರ ಮೊದಲು), ಸಹಿ ಎಲ್ಲಿದೆ, ಎಲ್ಲೆಲ್ಲಿ ಪ್ರದರ್ಶನವಾಯಿತು, ಯಾರು ಯಾವಾಗ ಎಷ್ಟಕ್ಕೆ ಕೊಂಡರು. ಅದೇ ಕ್ರಮಸಂಖ್ಯೆಯನ್ನು ಕ್ಯಾನ್ವಾಸಿನ ಹಿಂದೆ ಮರದ ಚೌಕಟ್ಟಿನ ಮೇಲೂ ಬರೆಯಿರಿ. ಬಟ್ಟೆಯ ಮೇಲೆ ಮಾರ್ಕರ್‌ನಿಂದ ಬರೆದರೆ ಕಾಲಾಂತರದಲ್ಲಿ ಮುಂದಕ್ಕೆ ಒಸರಬಹುದು. ಫೋಟೊ ತೆಗೆಯುವಾಗ ಫ್ರೇಮು ಮತ್ತು ಗಾಜು ಹಾಕುವ ಮೊದಲೇ ತೆಗೆಯಿರಿ. ಎರಡೂ ಬದಿಯಲ್ಲಿ 45 ಡಿಗ್ರಿಯಲ್ಲಿ ಒಂದೇ ಬಗೆಯ ದೀಪ, ಕ್ಯಾಮೆರಾ ಚಿತ್ರದ ನಡುಮಟ್ಟಕ್ಕೆ, ಅಂಚಿನಲ್ಲಿ ಬಣ್ಣದ ಅಳತೆಪಟ್ಟಿ. ಮೊಬೈಲಿನಲ್ಲಾದರೆ ತೀರ ಹತ್ತಿರ ಹೋಗಬೇಡಿ, ಅಂಚು ಬಾಗುತ್ತದೆ. ಹಿಂಬದಿಯ ಫೋಟೊ ಕೂಡ ತೆಗೆದಿಡಿ. ಮುಂದೆಂದೋ ಕೃತಿಯ ಅಸಲಿತನ ಸಾಬೀತು ಮಾಡಬೇಕಾದಾಗ ನೆರವಿಗೆ ಬರುವುದು ಅದೇ.

ಹೆಸರಿನ ವಿಷಯದಲ್ಲಿ ಬಹಳ ಎಚ್ಚರ ಬೇಕು. ಮದುವೆಗೆ ಮುಂಚೆ ಒಂದು ಹೆಸರು, ನಂತರ ಗಂಡನ ಮನೆಯ ಹೆಸರು, ಫೇಸ್‌ಬುಕ್ಕಿನಲ್ಲಿ ಇನ್ನೊಂದು ಎಂದಾದರೆ ನಿಮ್ಮ ಮೊದಲ ಹತ್ತು ವರ್ಷಗಳ ಪ್ರದರ್ಶನಗಳು ಬೇರೊಬ್ಬರದೆಂಬಂತೆ ಕಳಚಿಕೊಳ್ಳುತ್ತವೆ. ಯಾವುದಾದರೂ ಒಂದನ್ನು ಆರಿಸಿ, ಸಹಿ, ಕ್ಯಾಟಲಾಗ್, ಬಿಲ್ಲು ಎಲ್ಲದರಲ್ಲೂ ಒಂದೇ ಕಾಗುಣಿತ ಇಟ್ಟುಕೊಳ್ಳಿ. ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ಹದಿನೇಳನೇ ಶತಮಾನದ ನೆದರ್ಲೆಂಡ್ಸಿನ ಹಾರ್ಲೆಮ್ ನಗರದ ಯೂಡಿತ್ ಲೈಸ್ಟರ್ ವೃತ್ತಿಪರ ಚಿತ್ರಕಾರರ ಸಂಘದ ಸದಸ್ಯೆಯಾಗಿದ್ದವರು. 1636ರಲ್ಲಿ ಇನ್ನೊಬ್ಬ ಚಿತ್ರಕಾರನನ್ನು ಮದುವೆಯಾದ ಮೇಲೆ ಅವರು ಬರೆದ ಚಿತ್ರಗಳು ತೀರ ಕಡಿಮೆ. ತೀರಿಕೊಂಡ ಮೇಲೆ ಅವರ ಕೃತಿಗಳು ಅದೇ ನಗರದ ಹೆಸರಾಂತ ಚಿತ್ರಕಾರ ಫ್ರಾನ್ಸ್ ಹಾಲ್ಸ್‌ನವು ಎನಿಸಿಕೊಂಡವು. 1893ರಲ್ಲಿ ಒಂದು ಚಿತ್ರದ ಮೇಲೆ ಅವರ ಮೊದಲಕ್ಷರಗಳೂ ಒಂದು ನಕ್ಷತ್ರವೂ ಪತ್ತೆಯಾದ ಮೇಲಷ್ಟೇ ಅವರು ಚರಿತ್ರೆಗೆ ಮರಳಿದರು. ಎರಡು ಶತಮಾನಕ್ಕೂ ಮೀರಿದ ಮರೆವಿನಿಂದ ಅವರನ್ನು ಎತ್ತಿದ್ದು ಅವರೇ ಹಾಕಿದ್ದ ಸಹಿ.

ಬೆಲೆ ಕಟ್ಟುವುದು ಹೇಗೆ? ಚದರ ಇಂಚಿನ ಲೆಕ್ಕ ಕ್ಯಾನ್ವಾಸಿಗೆ ಸರಿ: 24×36 ಇಂಚು ಎಂದರೆ 864 ಚದರ ಇಂಚು, ಇಂಚಿಗೆ 30 ರೂಪಾಯಿಯಾದರೆ 25,920. ಆದರೆ ದಾರ, ಬಟ್ಟೆ, ಕಾಗದದ ಸೂಕ್ಷ್ಮ ಕೆಲಸಕ್ಕೆ ಈ ಲೆಕ್ಕ ಅನ್ಯಾಯ. 10×12 ಇಂಚಿನ, ಇಪ್ಪತ್ತು ದಿನ ಹಿಡಿದ ಕಸೂತಿ ಕೆಲಸಕ್ಕೆ 3,600 ರೂಪಾಯಿ ಬರುತ್ತದೆ! ಅಂಥದ್ದಕ್ಕೆ ಸಾಮಗ್ರಿಯ ಖರ್ಚು ಮತ್ತು ದಿನಗೂಲಿ ಸೇರಿಸಿ ಬೆಲೆ ಕಟ್ಟಿ. ಗ್ಯಾಲರಿಗಳು ಸಾಮಾನ್ಯವಾಗಿ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಕಮಿಷನ್ ತೆಗೆದುಕೊಳ್ಳುತ್ತವೆ. ನಿಮ್ಮ ಕೈಗೆ 18,000 ಬರಬೇಕು, ಕಮಿಷನ್ ಶೇಕಡಾ 40 ಎಂದಿಟ್ಟುಕೊಳ್ಳಿ. ಹಲವರು 18,000ಕ್ಕೆ ಶೇಕಡಾ 40 ಕೂಡಿಸಿ 25,200 ಎನ್ನುತ್ತಾರೆ. ಅದರಲ್ಲಿ 10,080 ಗ್ಯಾಲರಿಗೆ ಹೋಗಿ ಉಳಿಯುವುದು 15,120. ಸರಿಯಾದ ಲೆಕ್ಕ 18,000ವನ್ನು 0.6ರಿಂದ ಭಾಗಿಸುವುದು, ಅಂದರೆ 30,000. ಮನೆಯಿಂದ ನೇರವಾಗಿ ಮಾರಿದರೂ ಬೆಲೆ ಇದೇ ಇರಲಿ. 'ಮನೆಗೆ ಬಂದರೆ ಅರ್ಧ ಬೆಲೆಗೆ ಕೊಡ್ತಾರೆ' ಎಂಬ ಮಾತು ಒಮ್ಮೆ ಹಬ್ಬಿದರೆ ಯಾವ ಗ್ಯಾಲರಿಯೂ ನಿಮ್ಮನ್ನು ಗಂಭೀರವಾಗಿ ಪರಿಗಣಿಸುವುದಿಲ್ಲ. ನೆಂಟರಿಗೆ ಉಡುಗೊರೆ ಕೊಡುವುದಾದರೆ ಕೊಡಿ, ದಾಖಲೆಯಲ್ಲಿ ಉಡುಗೊರೆ ಎಂದೇ ಬರೆಯಿರಿ. ಕಡಿಮೆ ಬೆಲೆಯ ಮಾರಾಟವಾಗಿ ತೋರಿಸಬೇಡಿ.

ಗ್ಯಾಲರಿಯೊಂದಿಗೆ ಒಂದು ಪುಟದ ಬರಹ ಸಾಕು, ಆದರೆ ಅದು ಇರಲೇಬೇಕು. ಕೃತಿಗಳ ಪಟ್ಟಿ ಮತ್ತು ಬೆಲೆ, ಕಮಿಷನ್, ರಿಯಾಯಿತಿ ಕೊಟ್ಟರೆ ಯಾರ ಪಾಲಿನಿಂದ, ಫ್ರೇಮು, ಸಾಗಣೆ ಮತ್ತು ವಿಮೆಯ ಖರ್ಚು ಯಾರದು, ಮಾರಾಟವಾದ ಎಷ್ಟು ದಿನದೊಳಗೆ ಹಣ (30 ದಿನ ಕೇಳಿ), ಮಾರಾಟವಾಗದ್ದು ಯಾವಾಗ ವಾಪಸು. ಎಲ್ಲರೂ ಮರೆಯುವ ಇನ್ನೊಂದು ಸಾಲನ್ನು ಸೇರಿಸಿ: ಕೊಂಡವರ ಹೆಸರು, ಊರು ನಿಮಗೆ ತಿಳಿಸಬೇಕು. ಅದಿಲ್ಲದಿದ್ದರೆ ಇಪ್ಪತ್ತು ವರ್ಷದ ನಂತರ ಸಮಗ್ರ ಪ್ರದರ್ಶನ ಮಾಡಲು ಹೊರಟಾಗ ನಿಮ್ಮ ಅತ್ಯುತ್ತಮ ಕೃತಿಗಳು ಎಲ್ಲಿವೆ ಎಂದೇ ತಿಳಿಯುವುದಿಲ್ಲ. ಚಿತ್ರ ಮಾರಿದರೆ ಅದರ ಹಕ್ಕುಸ್ವಾಮ್ಯ ತಾನಾಗಿ ಹೋಗುವುದಿಲ್ಲ. ಅದನ್ನು ಲಿಖಿತವಾಗಿ ಬಿಟ್ಟುಕೊಟ್ಟರೆ ಮಾತ್ರ ಹೋಗುತ್ತದೆ. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯ 53ಎ ಕಲಮಿನ ಪ್ರಕಾರ ಮೂಲ ಚಿತ್ರ ಅಥವಾ ಶಿಲ್ಪ 10,000 ರೂಪಾಯಿಗೂ ಹೆಚ್ಚು ಬೆಲೆಗೆ ಮರುಮಾರಾಟವಾದರೆ ಕಲಾವಿದರಿಗೋ ವಾರಸುದಾರರಿಗೋ ಪಾಲು ಕೇಳುವ ಹಕ್ಕಿದೆ. ಅದು ಆ ಬೆಲೆಯ ಶೇಕಡಾ 10 ಮೀರುವಂತಿಲ್ಲ. ಯಾವ ಕೃತಿ ಯಾರ ಬಳಿ ಇದೆ ಎಂಬುದೇ ಗೊತ್ತಿಲ್ಲದಿದ್ದರೆ ಈ ಹಕ್ಕು ಕಾಗದದ ಮೇಲೆಯೇ ಉಳಿಯುತ್ತದೆ.

ಮಾರ್ಚ್ 8ರ ಪ್ರದರ್ಶನಕ್ಕೆ ಹೋಗಬೇಕೇ ಬೇಡವೇ? ಷರತ್ತಿನ ಮೇಲೆ ಹೋಗಿ. ಪ್ರವೇಶ ಶುಲ್ಕವಿರಬಾರದು, ಕನಿಷ್ಠ ಮೂರು ಕೃತಿಗಳಿಗೆ ಜಾಗ ಬೇಕು, ಆಯ್ಕೆಗೆ ಒಬ್ಬ ಕ್ಯುರೇಟರ್ ಇರಬೇಕು, ಅಳತೆ ಮತ್ತು ವರ್ಷ ಸಹಿತ ಮುದ್ರಿತ ಪಟ್ಟಿ ಬೇಕು. ಇವಿಲ್ಲದೆ ತಲಾ ಒಂದು ಚಿತ್ರದಂತೆ 50 ಜನರನ್ನು ಸೇರಿಸಿ ಎರಡು ದಿನ ನಡೆಸುವ ಪ್ರದರ್ಶನದಿಂದ ಸಂಘಟಕರ ವಾರ್ಷಿಕ ವರದಿಗೆ ಒಂದು ಸಾಲು ಸಿಗುತ್ತದೆ, ನಿಮಗೆ ಏನೂ ಸಿಗುವುದಿಲ್ಲ. ಮಹಿಳೆಯರೇ ಸೇರಿ ಮಾಡುವ ಪ್ರದರ್ಶನ ಬೇರೆ ರೀತಿಯೂ ಇರಬಹುದು. ನ್ಯೂಯಾರ್ಕಿನಲ್ಲಿ ಕಲಾವಿದೆಯರೇ ಕಟ್ಟಿದ ಎ.ಐ.ಆರ್. ಗ್ಯಾಲರಿಯನ್ನು 1979ರಲ್ಲಿ ಕಂಡುಬಂದ ನಳಿನಿ ಮಲಾನಿ ಇಲ್ಲೂ ಅಂಥ ದೊಡ್ಡ ಪ್ರದರ್ಶನಕ್ಕೆ ಯತ್ನಿಸಿದರು. ಬೆಂಬಲ ಸಿಗಲಿಲ್ಲ. ಕೊನೆಗೆ ಮಲಾನಿ, ಮಾಧವಿ ಪಾರೇಖ್, ನೀಲಿಮಾ ಶೇಖ್, ಅರ್ಪಿತಾ ಸಿಂಗ್ ನಾಲ್ವರೇ ಸೇರಿ 1987ರಿಂದ 1989ರವರೆಗೆ 'ಥ್ರೂ ದ ಲುಕಿಂಗ್ ಗ್ಲಾಸ್' ಪ್ರದರ್ಶನವನ್ನು ಊರೂರಿಗೆ ಒಯ್ದರು. ಇಂದು ಭಾರತೀಯ ಕಲೆಯ ಬಗ್ಗೆ ಗಂಭೀರವಾಗಿ ಬರೆಯುವವರು ಆ ಪ್ರದರ್ಶನವನ್ನು ಬಿಟ್ಟು ಬರೆಯಲಾರರು. ನಾಲ್ಕು ಜನ, ಒಪ್ಪಿಕೊಂಡ ಒಂದು ವಿಚಾರ, ಹಲವು ಊರು: ನಿಮ್ಮಂಥ ಇನ್ನು ಮೂವರು ಸಿಕ್ಕರೆ ಇದು ನಿಮ್ಮಿಂದಲೂ ಆಗುವ ಕೆಲಸ.

ಸಮಿತಿಯಲ್ಲಿ ಮೊದಲು ಎಣಿಸಿ. ನ್ಯೂಯಾರ್ಕಿನ ಗೆರಿಲ್ಲಾ ಗರ್ಲ್ಸ್ ಎಂಬ ಕಲಾವಿದೆಯರ ಗುಂಪು 1989ರಲ್ಲಿ ಮೆಟ್ರೊಪಾಲಿಟನ್ ಸಂಗ್ರಹಾಲಯದ ಒಳಗೆ ನಡೆದು ಲೆಕ್ಕ ಹಾಕಿತು: ಆಧುನಿಕ ವಿಭಾಗದ ಕಲಾವಿದರಲ್ಲಿ ಮಹಿಳೆಯರು ಶೇಕಡಾ 5ಕ್ಕಿಂತ ಕಡಿಮೆ, ನಗ್ನಚಿತ್ರಗಳಲ್ಲಿ ಹೆಣ್ಣು ಶೇಕಡಾ 85. ಆ ಎರಡು ಸಂಖ್ಯೆಗಳಷ್ಟು ಕೆಲಸವನ್ನು ನೂರು ಭಾಷಣಗಳು ಮಾಡಿಲ್ಲ. ನಿಮ್ಮ ಸಂಘದ ಕಳೆದ ಹತ್ತು ವರ್ಷದ ಕಡತ ತೆಗೆಸಿ. ಅರ್ಜಿ ಹಾಕಿದವರು, ಆಯ್ಕೆಯಾದವರು, ಏಕವ್ಯಕ್ತಿ ಪ್ರದರ್ಶನ ಪಡೆದವರು, ಬಹುಮಾನ ಗೆದ್ದವರು, ಸಂಘ ಕೊಂಡ ಕೃತಿಗಳು, ತೀರ್ಪುಗಾರರು: ಆರನ್ನೂ ಬೇರೆ ಬೇರೆ ಎಣಿಸಿ. ಒಟ್ಟು ಮೊತ್ತದಿಂದ ಏನೂ ತಿಳಿಯುವುದಿಲ್ಲ. ಅರ್ಜಿದಾರರಲ್ಲಿ ಮಹಿಳೆಯರು ಶೇಕಡಾ 40 ಇದ್ದು ಆಯ್ಕೆಯಲ್ಲಿ 20ಕ್ಕೆ ಇಳಿದರೆ ತೊಂದರೆ ತೀರ್ಪುಗಾರರ ಕೋಣೆಯಲ್ಲಿದೆ. ಅಲ್ಲಿ ಮೊದಲ ಸುತ್ತಿಗೆ ಹೆಸರು ಮುಚ್ಚಿ ಚಿತ್ರಗಳನ್ನಷ್ಟೇ ತೋರಿಸಿ, ಪ್ರತಿಯೊಬ್ಬರೂ ಮಾತಾಡುವ ಮೊದಲೇ ಅಂಕ ಬರೆದು ಕೊಡಲಿ. ಸಣ್ಣ ಊರಿನಲ್ಲಿ ಶೈಲಿ ನೋಡಿಯೇ ಯಾರದೆಂದು ತಿಳಿದುಬಿಡುತ್ತದೆ, ಆದ್ದರಿಂದ ಹೊರಗಿನ ಊರಿನ ಇಬ್ಬರು ತೀರ್ಪುಗಾರರು ಇರಬೇಕು. ಅರ್ಜಿಯೇ ಶೇಕಡಾ 15 ಬರುತ್ತಿದ್ದರೆ ಹೆಸರು ಮುಚ್ಚಿ ಪ್ರಯೋಜನವಿಲ್ಲ. ಕರೆ ಯಾರಿಗೆ ತಲುಪುತ್ತಿದೆ ನೋಡಿ. ಹತ್ತು ದಿನದ ಗಡುವಿನ ಕರೆ ಪದಾಧಿಕಾರಿಗಳ ವಾಟ್ಸಾಪ್ ಗುಂಪಿನಲ್ಲಷ್ಟೇ ಓಡಾಡಿದರೆ ಗೆಳೆಯರೇ ಬರುತ್ತಾರೆ. ಆರು ವಾರ ಸಮಯ ಕೊಡಿ, ಹಳೆಯ ವಿದ್ಯಾರ್ಥಿನಿಯರ ಪಟ್ಟಿಯನ್ನು ಕಾಲೇಜಿನಿಂದ ಪಡೆದು ನೇರ ತಿಳಿಸಿ.

ವಯೋಮಿತಿಯನ್ನು ತೆಗೆಸಿ. 'ಯುವ ಕಲಾವಿದ, 35ರೊಳಗೆ' ಎಂಬ ನಿಯಮ ಹೆರಿಗೆ ಮತ್ತು ಮಕ್ಕಳ ಪಾಲನೆಯ ವರ್ಷಗಳನ್ನೇ ಹೊರಗಿಡುತ್ತದೆ. 'ವೃತ್ತಿ ಆರಂಭಿಸಿ ಇಷ್ಟು ವರ್ಷದೊಳಗೆ, ಬಿಡುವಿನ ವರ್ಷ ಕಳೆದು' ಎಂದು ಬರೆಯಿಸಿ. ಬ್ರಿಟನ್ನಿನ ಟರ್ನರ್ ಪ್ರಶಸ್ತಿ 50ರ ವಯೋಮಿತಿಯನ್ನು 2017ರಲ್ಲಿ ಕೈಬಿಟ್ಟಿತು. ಆ ವರ್ಷವೇ ಗೆದ್ದವರು 63ರ ಲುಬೈನಾ ಹಿಮಿದ್. ಕ್ಯೂಬಾ ಮೂಲದ ಕಾರ್ಮೆನ್ ಹೆರೇರಾ ಅವರ ಮೊದಲ ಚಿತ್ರ ಮಾರಾಟವಾದದ್ದು 89ನೇ ವಯಸ್ಸಿನಲ್ಲಿ. ಅರ್ಪಿತಾ ಸಿಂಗ್ ಅವರಿಗೆ ಲಂಡನ್ನಿನ ಸರ್ಪೆಂಟೈನ್ ಗ್ಯಾಲರಿಯಲ್ಲಿ ಏಕವ್ಯಕ್ತಿ ಪ್ರದರ್ಶನ ಸಿಕ್ಕಿದ್ದು 2025ರಲ್ಲಿ, 87ರ ಪ್ರಾಯದಲ್ಲಿ. ಇವರೆಲ್ಲ ಅಷ್ಟು ವರ್ಷ ಬದುಕಿ, ಬಿಡದೆ ದುಡಿದದ್ದರಿಂದ ನಮಗೆ ಗೊತ್ತಾದರು. ಅಷ್ಟು ಕಾಯಲಾಗದವರ ಕೃತಿಗಳು ಎಲ್ಲಿ ಹೋದವು ಎಂಬುದು ನೋವಿನ ಪ್ರಶ್ನೆ.

ಕಲಾ ಶಿಬಿರಗಳನ್ನು ನಮ್ಮಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಆದರೆ ಮುಂದಿನ ಪ್ರದರ್ಶನಗಳ ನಂಟು ಬೆಳೆಯುವುದು ಅಲ್ಲೇ. ಸಂಚಾಲಕರು ತಮಗೆ ಪರಿಚಯವಿದ್ದವರನ್ನು ಕರೆಯುತ್ತಾರೆ, ಜೊತೆಗೆ ಒಬ್ಬಳು ಮಹಿಳೆ. ಆಕೆ ಒಂಟಿಯಾಗಿ ಏಳು ದಿನ ಇರಲಾರದೆ ಬಾರದೇ ಹೋದರೆ 'ಕರೆದರೂ ಬರುವುದಿಲ್ಲ' ಎನ್ನುತ್ತಾರೆ. ಇಪ್ಪತ್ತು ಜನರ ಶಿಬಿರದಲ್ಲಿ ಕನಿಷ್ಠ ಎಂಟು ಮಂದಿ ಮಹಿಳೆಯರಿರಲಿ, ಬೀಗ ಹಾಕಬಹುದಾದ ಪ್ರತ್ಯೇಕ ಕೋಣೆ ಮತ್ತು ಶೌಚಾಲಯ ಇರಲಿ, ಮಗುವನ್ನೂ ನೋಡಿಕೊಳ್ಳುವ ಒಬ್ಬರನ್ನೂ ಕರೆತರಲು ಪ್ರಯಾಣವೆಚ್ಚ ಕೊಡಿ, ಸ್ಥಳೀಯರಿಗೆ ಹಗಲು ಬಂದು ಹೋಗಲು ಅವಕಾಶವಿರಲಿ. ಬಜೆಟ್ಟಿನಲ್ಲಿ ಇದಕ್ಕೆ ಮೊದಲೇ ಒಂದು ತಲೆಬರಹ ಇಡಿಸಿ. ಆಮೇಲೆ ಕೇಳಿದರೆ ದುಡ್ಡಿರುವುದಿಲ್ಲ. ಸಂಘ ವರ್ಷಕ್ಕೆ ಎರಡು ಕೃತಿ ಕೊಳ್ಳುವುದಾದರೆ ಒಂದು ಕಲಾವಿದೆಯದಾಗಿರಲಿ ಎಂದು ಠರಾವು ಮಾಡಿಸಿ, ನಡಾವಳಿಯಲ್ಲಿ ಬರೆಸಿ. ಗುಣಮಟ್ಟ ಕುಸಿಯುತ್ತದೆ ಎಂದವರಿಗೆ ಎರಡು ವರ್ಷಕ್ಕೊಮ್ಮೆ ನಡೆಯುವ ಕಲಾ ಪ್ರದರ್ಶನವಾದ ಕೊಚ್ಚಿ ಬಿನಾಲೆಯ 2018ರ ಆವೃತ್ತಿಯನ್ನು ತೋರಿಸಿ: ಅನಿತಾ ದುಬೆ ಅದರ ಮೊದಲ ಮಹಿಳಾ ಕ್ಯುರೇಟರ್, ಭಾಗವಹಿಸಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಹಿಳೆಯರು.

ಅರ್ಜಿ ನಮೂನೆಯನ್ನೂ ಒಮ್ಮೆ ಓದಿ. 'ಚಿತ್ರ, ಶಿಲ್ಪ, ಮುದ್ರಣ' ಎಂಬ ಮೂರೇ ವಿಭಾಗಗಳಿದ್ದರೆ ನೂಲು, ಬಟ್ಟೆ, ಹೆಣಿಗೆಯಲ್ಲಿ ಕೆಲಸ ಮಾಡುವವರು ಕರಕುಶಲದ ಮಳಿಗೆಗೆ ಹೋಗಬೇಕಾಗುತ್ತದೆ. ಮೃಣಾಲಿನಿ ಮುಖರ್ಜಿ ಸೆಣಬಿನ ಹಗ್ಗವನ್ನು ಗಂಟು ಹಾಕಿ ಕಟ್ಟಿದ ಆಳೆತ್ತರದ ಶಿಲ್ಪಗಳನ್ನು ದೀರ್ಘಕಾಲ ಹಲವರು ಕರಕುಶಲವೆಂದೇ ನೋಡಿದರು. 2019ರಲ್ಲಿ ನ್ಯೂಯಾರ್ಕಿನ ಮೆಟ್ ಬ್ರೂಯರ್ ಸಂಗ್ರಹಾಲಯ ಮೃಣಾಲಿನಿ ಅವರ ಸಮಗ್ರ ಪ್ರದರ್ಶನ ಮಾಡಿತು. ಅದನ್ನು ನೋಡಲು ಅವರು ಇರಲಿಲ್ಲ. ಭದ್ರಾವತಿಯಲ್ಲಿ ಹುಟ್ಟಿ ಬೆಂಗಳೂರಿನ ಕೆನ್ ಶಾಲೆಯಲ್ಲಿ ಕಲಿತ ಶೀಲಾ ಗೌಡ ಸಗಣಿ, ಸೂಜಿ, ದಾರ, ಕುಂಕುಮದಿಂದ ಕೆಲಸ ಮಾಡಿದರು. ವಾಹನಗಳಿಗೆ ದೃಷ್ಟಿಯಾಗದಿರಲೆಂದು ಕಟ್ಟುವ ಕೂದಲಿನ ಹಗ್ಗ ಮತ್ತು ಕಾರಿನ ಬಂಪರ್‌ಗಳಿಂದ ಅವರು ಮಾಡಿದ 'ಬಿಹೋಲ್ಡ್' ಇಂದು ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ನಮೂನೆಯಲ್ಲಿ 'ಇತರ ಮಾಧ್ಯಮ' ಎಂಬ ನಾಲ್ಕನೇ ಗೆರೆ ಸೇರಿಸಲು ಒಂದು ಸಭೆ ಸಾಕು.

ಜಾನಪದ ವಿಭಾಗದ ಚೀಟಿಗಳನ್ನು ಬರೆಸುವ ಹೊಣೆಯನ್ನು ನೀವೇ ವಹಿಸಿಕೊಳ್ಳಿ. ಮಲೆನಾಡಿನ ದೀವರ ಹೆಣ್ಣುಮಕ್ಕಳು ಪುಂಡಿ ನಾರಿನ ಕುಂಚದಿಂದ ಕೆಮ್ಮಣ್ಣಿನ ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರವನ್ನು ಪ್ರದರ್ಶನಕ್ಕಿಟ್ಟಾಗ ಚೀಟಿಯ ಮೇಲೆ 'ಸಾಂಪ್ರದಾಯಿಕ ಕಲೆ, ಸಾಗರ ತಾಲ್ಲೂಕು' ಎಂದಷ್ಟೇ ಬರೆದರೆ, ಪಕ್ಕದ ಗೋಡೆಯ ಕ್ಯಾನ್ವಾಸಿಗೆ ಹೆಸರಿದ್ದು ಇದಕ್ಕೆ ಇಲ್ಲದಂತಾಗುತ್ತದೆ. ಬರೆದಾಕೆಯ ಹೆಸರು, ಊರು, ವರ್ಷ, ಬಳಸಿದ ಬಣ್ಣ, ಯಾರಿಂದ ಕಲಿತರು ಎಂಬುದನ್ನು ಅವರನ್ನೇ ಕೇಳಿ ಬರೆಸಿ, ಗೌರವಧನವನ್ನು ಸಂಘಟಕರ ಮೂಲಕವಲ್ಲದೆ ಅವರ ಖಾತೆಗೇ ಹಾಕಿಸಿ, ಆ ಚೀಟಿಯ ಒಂದು ಪ್ರತಿಯನ್ನು ಸಂಘದ ಕಡತದಲ್ಲೂ ಇಡಿ.